ಹಳೇ ಸೆರಾಮಿಕ್ ಟೈಲ್ಸ್ ನೆಲಕ್ಕೆ ಬಣ್ಣ ಹೊಡೆದರೆ ನಿಲ್ಲುತ್ತದಾ?

ಕ್ಯಾತಸಂದ್ರದ ಮನೆ:
ಎಲ್ಲರಿಗೂ ನಮಸ್ಕಾರ. ತುಮಕೂರಿನ ಕ್ಯಾತಸಂದ್ರದ ಹತ್ತಿರ ನಮ್ಮ ಮನೆ, ಮಾವ ಕಟ್ಟಿಸಿದ್ದು. ಹಾಲ್, ಎರಡು ರೂಮು, ಅಡುಗೆಮನೆ, ಬಚ್ಚಲು ಎಲ್ಲಾ ಕಡೆ ಒಂದಡಿಯ ಸೆರಾಮಿಕ್ ಟೈಲ್ಸ್. ಬಿಸ್ಕತ್ ಬಣ್ಣ, ಮೇಲೆ ಕಂದು ಹೂವು. ಟೈಲ್ಸ್ ಗಟ್ಟಿಯಾಗಿಯೇ ಇವೆ, ಒಡೆದಿರುವುದು ತೀರಾ ಕಮ್ಮಿ. ಆದರೆ ಸಂದುಗಳೆಲ್ಲ ಕಪ್ಪಾಗಿವೆ, ಬೋರ್ ನೀರಿನ ಬಿಳಿ ಪೊರೆ ಕೂತಿದೆ, ಎಷ್ಟು ಒರೆಸಿದರೂ ಮನೆ ಕೊಳೆಯಾಗಿಯೇ ಕಾಣುತ್ತದೆ. ಕಿತ್ತು ಹೊಸದು ಹಾಕಿಸೋಣ ಅಂದರೆ ಮನೆಯಲ್ಲಿ ವಯಸ್ಸಾದವರಿದ್ದಾರೆ, ಆ ಧೂಳು, ಆ ಸದ್ದು ಅವರಿಗೆ ಆಗುವುದಿಲ್ಲ. ಖರ್ಚೂ ಜಾಸ್ತಿ. ಟೈಲ್ಸ್ ಮೇಲೇ ಬಣ್ಣ ಹೊಡೆಯುವ ವಿಡಿಯೋಗಳನ್ನು ನೋಡಿದೆ, ತುಂಬಾ ಚೆನ್ನಾಗಿ ಕಾಣುತ್ತದೆ. ನಮ್ಮ ಕಡೆ ಯಾರಾದರೂ ಮಾಡಿಸಿದ್ದೀರಾ? ಒಂದು ವರ್ಷ ಆದ ಮೇಲೆ ಹೇಗಿರುತ್ತದೆ ಅನ್ನುವುದನ್ನು ಆ ವಿಡಿಯೋದವರು ಯಾರೂ ತೋರಿಸುವುದಿಲ್ಲ, ನನಗೆ ಬೇಕಾಗಿರುವುದು ಅದೇ.

ಚಿಂತಾಮಣಿ ಅಡುಗೆಮನೆ:
ಅಕ್ಕ, ನಮ್ಮ ಮನೆಯಲ್ಲಿ ಮಾಡಿಸಿದ್ದೆವು. ಗೋಡೆಗೆ ಬಣ್ಣ ಹೊಡೆಯಲು ಬಂದವರೇ ನೆಲಕ್ಕೂ ಹೊಡೆದುಕೊಡುತ್ತೇವೆ ಅಂದರು. ಸೋಪಿನ ನೀರಲ್ಲಿ ಒರೆಸಿ, ಬಾಗಿಲು ಕಿಟಕಿಗೆ ಹೊಡೆಯುವ ಆಯಿಲ್ ಪೇಂಟನ್ನೇ ಎರಡು ಕೋಟ್ ಹೊಡೆದು ಹೋದರು. ಮೊದಲ ವಾರ ನೋಡಿದವರೆಲ್ಲ ಹೊಗಳಿದರು. ಆಮೇಲೆ ಸಿಲಿಂಡರ್ ಬದಲಾಯಿಸುವಾಗ ಎಳೆದ ಜಾಗದಲ್ಲಿ ಉದ್ದಕ್ಕೆ ಸುಲಿದು ಬಂತು. ಆ ಅಂಚಿಗೆ ನೀರು ಇಳಿದು ಅಲ್ಲಿಂದ ಹಾಳೆ ಹಾಳೆಯಾಗಿ ಎದ್ದಿತು. ಈಗ ಅರ್ಧ ಹಳೇ ಟೈಲ್ಸ್, ಅರ್ಧ ಬಣ್ಣ. ಮೊದಲಿದ್ದದ್ದಕ್ಕಿಂತ ಕೆಟ್ಟದಾಗಿದೆ. ದಯವಿಟ್ಟು ಹೊಡೆಸಬೇಡಿ.

ಕೋಲಾರ ಪೇಂಟಿಂಗ್:
ನಾನು ಇದೇ ಕೆಲಸದಲ್ಲಿರುವವನು. ಚಿಂತಾಮಣಿ ಅಕ್ಕನಿಗೆ ಆಗಿರುವುದು ಬಣ್ಣದ ತಪ್ಪಲ್ಲ, ಕೆಲಸದ ತಪ್ಪು. ಟೈಲ್ಸ್ ಮೇಲೆ ಆಯಿಲ್ ಪೇಂಟ್ ಹಿಡಿಯುವುದಿಲ್ಲ. ಅದು ಮರಕ್ಕೆ, ಕಬ್ಬಿಣಕ್ಕೆ. ಟೈಲ್ಸ್‌ಗೆ ಎರಡು ಡಬ್ಬದ ಎಪಾಕ್ಸಿ ಬರುತ್ತದೆ, ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಹಾರ್ಡನರ್. ಕಲಸಿದ ಮೇಲೆ ಒಳಗೊಳಗೇ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುವಂಥದ್ದು. ಅದರ ಕೆಳಗೆ ನುಣುಪು ಮೇಲ್ಮೈಗೆ ಹಿಡಿಯುವ ಪ್ರೈಮರ್ ಬೇಕು. ಅದಕ್ಕೂ ಮುಂಚೆ ಟೈಲ್ಸಿನ ಹೊಳಪನ್ನು ಉಜ್ಜಿ ತೆಗೆಯಬೇಕು. ಪೂರಾ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಹಿಡಿಯುವುದು ಉಜ್ಜುವುದು, ತೊಳೆಯುವುದು, ಒಣಗಿಸುವುದೇ. ರೋಲರ್ ಹಿಡಿಯುವುದು ಕೊನೆಗೆ. ಉಜ್ಜುವುದಕ್ಕೆ ಕೂಲಿ ಕೊಡಲು ಯಾರೂ ಒಪ್ಪುವುದಿಲ್ಲ, ಅದಕ್ಕೇ ಆ ಕೆಲಸವನ್ನೇ ಬಿಟ್ಟು ಬಣ್ಣ ಹೊಡೆದು ಹೋಗುವವರು ಜಾಸ್ತಿ.

ಮಾಲೂರು ಹೆಂಚು:
ಯಾಕೆ ಉಜ್ಜಬೇಕು ಅಂತ ಸ್ವಲ್ಪ ಹೇಳುತ್ತೇನೆ. ನಮ್ಮೂರು ಹೆಂಚು, ಇಟ್ಟಿಗೆಯ ಊರು. ಹೆಂಚಿಗೆ ಬಣ್ಣ ಹೊಡೆದರೆ ಕುಡಿದುಬಿಡುತ್ತದೆ, ಯಾಕೆಂದರೆ ಸುಟ್ಟ ಮಣ್ಣಿನಲ್ಲಿ ಸಣ್ಣ ಸಣ್ಣ ರಂಧ್ರ ಇರುತ್ತವೆ. ಸೆರಾಮಿಕ್ ಟೈಲ್ಸಿನ ಒಡಲೂ ಮಣ್ಣೇ. ಒಡೆದ ಚೂರು ತೆಗೆದು ಪಕ್ಕಕ್ಕೆ ನೋಡಿ, ಕೆಂಪಗೋ ಬೆಳ್ಳಗೋ ಮಣ್ಣು ಕಾಣುತ್ತದೆ, ಅದಕ್ಕೆ ನಾಲಗೆ ತಾಗಿಸಿದರೆ ಅಂಟುತ್ತದೆ. ಆದರೆ ಮೇಲುಗಡೆ ಇರುವುದು ಗ್ಲೇಜ್, ಅಂದರೆ ಕರಗಿ ಕೂತ ಗಾಜು. ಸಾವಿರ ಡಿಗ್ರಿಗೂ ಮೇಲೆ ಸುಟ್ಟು ಮಾಡಿದ್ದು. ಗಾಜು ಬಣ್ಣವನ್ನು ಕುಡಿಯುವುದಿಲ್ಲ, ಬಣ್ಣ ಅದರ ಮೇಲೆ ಸುಮ್ನೆ ಕೂತಿರುತ್ತದೆ ಅಷ್ಟೇ. ಗೀರು ಹಾಕಿ ತರಿ ಮಾಡಿದರೆ ಮಾತ್ರ ಹಿಡಿದುಕೊಳ್ಳಲು ಜಾಗ ಸಿಗುವುದು.

ಇನ್ನೊಂದು ವಿಷಯ. ನಿಮ್ಮದು ನಿಜಕ್ಕೂ ಸೆರಾಮಿಕ್ಕೋ ವಿಟ್ರಿಫೈಡೋ ನೋಡಿಕೊಳ್ಳಿ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ತೂಕದ ನೂರಕ್ಕೆ ಅರ್ಧ ಪಾಲಿಗಿಂತ ಕಮ್ಮಿ. ಒಡಲೇ ಗಾಜಿನ ಹಾಗೆ ಬಿಗಿಯಾಗಿರುತ್ತದೆ. ಪಾಲಿಶ್ ಮಾಡಿದ ವಿಟ್ರಿಫೈಡ್ ಮೇಲೆ ಬಣ್ಣ ನಿಲ್ಲಿಸುವುದು ಇನ್ನೂ ಕಷ್ಟ. ಒಂದಡಿಯದು, ಹೂವಿನ ಡಿಸೈನು ಅಂದರೆ ಸೆರಾಮಿಕ್ಕೇ ಇರಬೇಕು.

ಕ್ಯಾತಸಂದ್ರದ ಮನೆ:
ಹೌದು ಅಣ್ಣ, ಒಡೆದ ಮೂಲೆಯಲ್ಲಿ ಕೆಂಪು ಮಣ್ಣು ಕಾಣುತ್ತದೆ. ಅಟ್ಟದ ಮೇಲೆ ಉಳಿದ ಟೈಲ್ಸಿನ ಒಂದು ಡಬ್ಬವೂ ಇದೆ.

ಕೋಲಾರ ಪೇಂಟಿಂಗ್:
ಹಾಗಾದರೆ ಒಳ್ಳೆಯದಾಯಿತು. ಆ ಡಬ್ಬದಿಂದ ಎರಡು ಟೈಲ್ಸ್ ತೆಗೆದು ಮೊದಲು ಅದರ ಮೇಲೆ ಮಾಡಿ ನೋಡಿ. ಒಂದನ್ನು ಉಜ್ಜಿ, ಒಂದನ್ನು ಉಜ್ಜದೆ. ಎರಡಕ್ಕೂ ಅದೇ ಪ್ರೈಮರ್, ಅದೇ ಬಣ್ಣ. ಒಂದು ವಾರ ಪೂರ್ತಿ ಬಿಡಿ. ಆಮೇಲೆ ಹೊಸ ಬ್ಲೇಡಿನಲ್ಲಿ ಚೌಕ ಚೌಕವಾಗಿ ಸಣ್ಣ ಗೆರೆ ಕೊಯ್ದು, ಗಟ್ಟಿ ಅಂಟಿನ ಟೇಪ್ ಒತ್ತಿ ಹಚ್ಚಿ, ಒಂದೇ ಸಲ ಎಳೆಯಿರಿ. ಪೇಂಟ್ ಕಂಪನಿಯವರೂ ಹಿಡಿತ ನೋಡುವುದು ಇದೇ ರೀತಿ. ಟೇಪಿನ ಜೊತೆ ಚೌಕಗಳು ಬಂದರೆ ಆ ಬಣ್ಣ ನಿಮ್ಮ ನೆಲಕ್ಕೆ ಬೇಡ. ಹಾಲ್ ಪೂರ್ತಿ ಹೊಡೆದ ಮೇಲೆ ಅಳುವುದಕ್ಕಿಂತ ಇದು ವಾಸಿ ಅಲ್ವಾ.

ಗೌರಿಬಿದನೂರು ಗಾರೆಕೆಲಸ:
ನಾನು ಟೈಲ್ಸ್ ಹಾಕುವವನು, ಬಣ್ಣದ ಪರ ಅಲ್ಲ. ಆದರೂ ಹೊಡೆಯುವುದೇ ಆದರೆ ಒಂದು ಕೆಲಸ ಮರೆಯಬೇಡಿ. ಒಂದು ರೂಪಾಯಿ ನಾಣ್ಯ ಹಿಡಿದುಕೊಂಡು ಪ್ರತಿ ಟೈಲನ್ನೂ ತಟ್ಟುತ್ತಾ ಬನ್ನಿ. ಗಟ್ಟಿ ಸದ್ದು ಬಂದರೆ ಸರಿ. ಟೊಳ್ಳು ಸದ್ದು ಬಂದರೆ ಕೆಳಗೆ ಸಿಮೆಂಟ್ ಬಿಟ್ಟಿದೆ ಅಂತ ಅರ್ಥ. ಅದು ಕಾಲಿಟ್ಟಾಗೆಲ್ಲ ಕೂದಲೆಳೆಯಷ್ಟು ಅಲ್ಲಾಡುತ್ತದೆ, ಸಂದಿನ ಮೇಲಿನ ಬಣ್ಣ ಬಿರುಕು ಬಿಡುತ್ತದೆ, ಬಿರುಕಿಗೆ ನೀರು ಇಳಿಯುತ್ತದೆ. ಟೊಳ್ಳಾದದ್ದನ್ನು ಕಿತ್ತು, ಅಟ್ಟದ ಮೇಲಿನ ಡಬ್ಬದಿಂದ ಹಾಕಿಸಿ. ಹಾಗಾಗಿ ಡಬ್ಬದಲ್ಲಿರುವುದನ್ನೆಲ್ಲ ಪ್ರಯೋಗಕ್ಕೇ ಖಾಲಿ ಮಾಡಬೇಡಿ.

ಇನ್ನು ಕೆಳಗಿನಿಂದ ತೇವ ಬರುತ್ತಿದೆಯೋ ನೋಡಿ. ಹಳೇ ಮನೆಗಳಲ್ಲಿ ಪಾಯದಿಂದ ತೇವ ಏರುವುದು ಸಾಮಾನ್ಯ. ಸಂದಿನ ಮೇಲೆ ಬರುವ ಹಾಗೆ ಒಂದು ಪ್ಲಾಸ್ಟಿಕ್ ಹಾಳೆ ಹರಡಿ, ನಾಲ್ಕೂ ಕಡೆ ಟೇಪ್ ಹಾಕಿ, ಒಂದು ಹಗಲು ಒಂದು ರಾತ್ರಿ ಬಿಡಿ. ತೆಗೆದಾಗ ಒಳಗೆ ಬೆವತಿದ್ದರೆ ಬಣ್ಣದ ಆಸೆ ಬಿಡಿ. ಎಂಥಾ ಎಪಾಕ್ಸಿಯನ್ನೂ ಆ ತೇವ ಕೆಳಗಿನಿಂದ ಎಬ್ಬಿಸಿಬಿಡುತ್ತದೆ.

ಭೋಗ್ಯದ ಮನೆ:
ನಾವು ಶಿರಾ ಗೇಟ್ ಕಡೆ ಭೋಗ್ಯಕ್ಕೆ ಇದ್ದೇವೆ. ಇದೇ ತರಹದ ನೆಲ. ನಾವೂ ಹೊಡೆಯಬಹುದಾ? ಓನರ್ ಏನೂ ಅನ್ನುವುದಿಲ್ಲ ಅನ್ನಿಸುತ್ತದೆ.

ಗೌರಿಬಿದನೂರು ಗಾರೆಕೆಲಸ:
ಅನ್ನಿಸಿಕೆ ಸಾಲದು, ಬರೆಸಿಕೊಳ್ಳಿ. ಒಂದು ಸಲ ಎಮರಿ ಪೇಪರ್, ಅಂದರೆ ಉಪ್ಪು ಕಾಗದ, ಹಾಕಿ ಗ್ಲೇಜ್ ಕೆರೆದರೆ ಮತ್ತೆ ಹಳೇ ಹೊಳಪು ಬರುವುದಿಲ್ಲ. ಬಣ್ಣ ತೆಗೆದರೂ ಗೀರು ಉಳಿಯುತ್ತದೆ. ಭೋಗ್ಯದ ದುಡ್ಡು ವಾಪಸ್ ಕೊಡುವಾಗ ಅದೇ ನೆಪ ಆಗುತ್ತದೆ. ನಿಮಗೆ ಬಿಡಿ ವಿನೈಲ್ ಶೀಟ್ ಸಾಕು. ಹಾಸಿ, ಹೋಗುವಾಗ ಸುತ್ತಿಕೊಂಡು ಹೋಗಿ. ಪೂರ್ತಿ ಅಂಟಿಸಬೇಡಿ.

ಕ್ಯಾತಸಂದ್ರದ ಮನೆ:
ಬೋರ್ ನೀರಿನ ಬಿಳಿ ಪೊರೆಗೆ ಏನು ಮಾಡಲಿ? ಬಾತ್‌ರೂಮ್ ಆಸಿಡ್ ಹಾಕಿದರೆ ಹೋಗುತ್ತದೆ ಅಂತ ಕೆಲಸದವಳು ಹೇಳುತ್ತಾಳೆ.

ಕೋಲಾರ ಪೇಂಟಿಂಗ್:
ಆಸಿಡ್ ಬೇಡ ಅಕ್ಕ. ಪೊರೆ ಹೋಗುತ್ತದೆ ನಿಜ, ಜೊತೆಗೆ ಸಂದಿನ ಸಿಮೆಂಟೂ ಹೋಗುತ್ತದೆ. ನಮ್ಮ ಕೋಲಾರದಲ್ಲಿ ಬೋರು ಸಾವಿರ ಅಡಿ ದಾಟಿವೆ, ಆ ನೀರಿನ ಗಡಸುತನ ನಮಗೆ ಗೊತ್ತು. ಆ ಬಿಳಿ ಪೊರೆ ಬಹುಪಾಲು ಸುಣ್ಣದ ಅಂಶ. ಸಂದಿನ ಸಿಮೆಂಟಿನಲ್ಲೂ ಅದೇ ಇದೆ. ಅದಕ್ಕೇ ಆಸಿಡ್ ಬಿದ್ದಾಗ ಎರಡೂ ಬುರುಗು ಬರುವುದು. ಸೋಸಿ ತೆಗೆಯುವ ಹಾಗಿಲ್ಲ, ಎರಡನ್ನೂ ತಿನ್ನುತ್ತದೆ. ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೊಡುತ್ತಾರಲ್ಲ, ಅದನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಮೊದಲು ಸಂದುಗಳನ್ನು ಬರೀ ನೀರಿನಲ್ಲಿ ಚೆನ್ನಾಗಿ ನೆನೆಸಿ, ಆಮೇಲೆ ಟೈಲ್ಸಿನ ಮೇಲೆ ಮಾತ್ರ ಬಟ್ಟೆಯಲ್ಲಿ ಹಚ್ಚಿ, ಸ್ವಲ್ಪ ಹೊತ್ತಿಗೆಲ್ಲ ಉಜ್ಜಿ ತೊಳೆಯಿರಿ. ಅಡುಗೆಮನೆ ಜಿಡ್ಡಿಗೆ ವಾಷಿಂಗ್ ಸೋಡಾ ಹಾಕಿದ ಬಿಸಿನೀರು. ಕೊನೆಗೆ ಬರೀ ನೀರಲ್ಲಿ ಎರಡು ಮೂರು ಸಲ ತೊಳೆಯಲೇಬೇಕು, ಸೋಡಾ ಉಳಿದರೂ ಬಣ್ಣ ಹಿಡಿಯುವುದಿಲ್ಲ.

ಚಿಂತಾಮಣಿ ಅಡುಗೆಮನೆ:
ಒಂದು ಎಚ್ಚರಿಕೆ, ಇದನ್ನು ಎಲ್ಲರೂ ಓದಿ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಒಟ್ಟಿಗೆ ಯಾವತ್ತೂ ಹಾಕಬೇಡಿ. ಕ್ಲೋರಿನ್ ಗಾಳಿ ಏಳುತ್ತದೆ. ಬಚ್ಚಲಂಥ ಸಣ್ಣ ಜಾಗದಲ್ಲಿ ಜೀವಕ್ಕೇ ಅಪಾಯ. ಚೆನ್ನಾಗಿ ಬೆಳ್ಳಗಾಗಲಿ ಅಂತ ಎರಡನ್ನೂ ಸುರಿಯುವವರನ್ನು ನಾನು ನೋಡಿದ್ದೇನೆ.

ಮಾಲೂರು ಹೆಂಚು:
ಧೂಳಿನ ಬಗ್ಗೆಯೂ ಹೇಳಬೇಕು. ಒಣ ಎಮರಿ ಪೇಪರ್ ಮೆಷಿನ್ನಿಗೆ ಹಾಕಿ ಟೈಲ್ಸ್ ಉಜ್ಜಿದರೆ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶಕ್ಕೆ ಇಳಿದರೆ ಹೊರಗೆ ಬರುವುದಿಲ್ಲ. ಕಲ್ಲು ಕೆಲಸದವರಿಗೆ ಬರುವ ಸಿಲಿಕೋಸಿಸ್ ಕಾಯಿಲೆ ಇದೇ ಧೂಳಿನಿಂದ. ಕಪ್ಪು ವಾಟರ್ ಪೇಪರ್ ತಂದು ನೀರು ಹಾಕಿಕೊಂಡೇ ಉಜ್ಜಿ. 100ರಿಂದ 120 ನಂಬರ್ ಸಾಕು. ಎನ್95 ಮಾಸ್ಕ್ ಹಾಕಿಕೊಳ್ಳಿ, ಬಟ್ಟೆ ಕಟ್ಟಿಕೊಂಡರೆ ಪ್ರಯೋಜನ ಇಲ್ಲ. ನೀವು ವಯಸ್ಸಾದವರಿದ್ದಾರೆ ಅಂದಿರಿ. ಆ ದಿನಗಳಲ್ಲಿ ಅವರನ್ನು ನೆಂಟರ ಮನೆಗೆ ಕಳಿಸುವುದು ಒಳ್ಳೆಯದು.

ಕ್ಯಾತಸಂದ್ರದ ಮನೆ:
ಉಜ್ಜಿದ್ದು ಸಾಕು ಅಂತ ಹೇಗೆ ಗೊತ್ತಾಗುತ್ತದೆ?

ಕೋಲಾರ ಪೇಂಟಿಂಗ್:
ಒಣಗಿದ ಮೇಲೆ ಕಿಟಕಿ ಬೆಳಕಿಗೆ ಬಗ್ಗಿ ನೋಡಿ. ಎಲ್ಲೂ ಹೊಳಪು ಕಾಣಬಾರದು, ಪೂರ್ತಿ ಮಂಕಾಗಿರಬೇಕು. ಹೊಳೆಯುವ ತೇಪೆ ಇದ್ದರೆ ನಾಳೆ ಸುಲಿಯುವುದು ಅಲ್ಲೇ. ಗೋಡೆಯ ಅಂಚು, ಬಾಗಿಲ ಹಿಂದೆ, ಮಂಚದ ಮೂಲೆ, ಈ ಜಾಗಗಳಲ್ಲೇ ಕೈ ತಪ್ಪುವುದು. ಆಮೇಲೆ ಒಣಗಲು ಬಿಡಿ. ಟೈಲ್ಸ್ ಬೇಗ ಒಣಗುತ್ತದೆ, ಸಂದು ಒಣಗುವುದಿಲ್ಲ. ಬಿಸಿಲುಗಾಲದಲ್ಲೂ ಫ್ಯಾನ್ ಹಾಕಿ ಒಂದೆರಡು ದಿನ ಬಿಡಬೇಕು.

ಈಗ ಬಣ್ಣಕ್ಕೆ ಬರೋಣ. ಬಣ್ಣ ಮತ್ತು ಹಾರ್ಡನರ್ ಡಬ್ಬದ ಮೇಲೆ ಬರೆದ ಅಳತೆಯಲ್ಲೇ ಕಲಸಿ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಹಾಕುವ ಕೆಲಸದವರಿದ್ದಾರೆ, ಆಗುವುದು ಉಲ್ಟಾ, ಬಣ್ಣ ಪೆಡಸಾಗುತ್ತದೆ ಇಲ್ಲಾ ಅಂಟಂಟಾಗಿಯೇ ಉಳಿಯುತ್ತದೆ. ಕಲಸಿದ ಮೇಲೆ ಅದಕ್ಕೆ ಆಯಸ್ಸು ಇಷ್ಟೇ ಅಂತ ಇರುತ್ತದೆ, ಸೆಕೆ ಜಾಸ್ತಿ ಆದಷ್ಟೂ ಆ ಆಯಸ್ಸು ಕಮ್ಮಿ. ಏಪ್ರಿಲ್ ಮಧ್ಯಾಹ್ನ ಪೂರ್ತಿ ಡಬ್ಬ ಕಲಸಿ ಇಟ್ಟುಕೊಂಡರೆ ಅರ್ಧ ಡಬ್ಬದೊಳಗೇ ಬಿಸಿಯಾಗಿ ಕಲ್ಲಾಗುತ್ತದೆ. ಸ್ವಲ್ಪ ಸ್ವಲ್ಪ ಕಲಸಿ. ಬೆಳಗ್ಗೆ ಬೇಗ ಶುರು ಮಾಡಿ. ಮಳೆಗಾಲದಲ್ಲಿ, ಅದರಲ್ಲೂ ನಮ್ಮ ಕಡೆ ಸೆಪ್ಟೆಂಬರ್ ಅಕ್ಟೋಬರ್ ಮಳೆ ಜೋರಾಗಿರುವಾಗ, ಕೈ ಹಾಕಲೇಬೇಡಿ. ಗಾಳಿಯಲ್ಲಿ ತೇವ ನೂರಕ್ಕೆ 85 ದಾಟಿದರೆ ಎಪಾಕ್ಸಿ ಮೇಲೆ ಮಂಜು ಕೂತ ಹಾಗೆ ಬೆಳ್ಳಗಾಗುತ್ತದೆ. ಸಂಕ್ರಾಂತಿ ಆದ ಮೇಲಿಂದ ಯುಗಾದಿಯ ಒಳಗೆ ಒಳ್ಳೆಯ ಕಾಲ.

ತೆಳುವಾಗಿ ಎರಡು ಕೋಟ್. ದಪ್ಪಗೆ ಒಂದೇ ಕೋಟ್ ಅಂತ ಯಾರಾದರೂ ಬಂದರೆ ಬಾಗಿಲಲ್ಲೇ ಕಳಿಸಿ. ಎರಡು ಕೋಟ್ ನಡುವೆ ಎಷ್ಟು ಗಂಟೆ ಅಂತ ಡಬ್ಬದ ಮೇಲೆ ಬರೆದಿರುತ್ತದೆ. ಅದಕ್ಕಿಂತ ಮುಂಚೆಯೂ ಬೇಡ, ತೀರಾ ತಡವೂ ಬೇಡ. ತಡ ಆದರೆ ಮೊದಲ ಕೋಟನ್ನು ಮತ್ತೆ ಉಜ್ಜಬೇಕಾಗುತ್ತದೆ.

ಶಿಡ್ಲಘಟ್ಟ ಹಿಪ್ಪುನೇರಳೆ:
ನಮ್ಮದು ರೇಷ್ಮೆ ಸಾಕುವ ಮನೆ. ಹುಳು ಮನೆಯ ನೆಲಕ್ಕೂ ಟೈಲ್ಸ್ ಹಾಕಿಸಿದ್ದೇವೆ, ತೊಳೆಯಲು ಸಲೀಸು ಅಂತ. ವಾಸದ ಮನೆಗೆ ಹೊಡೆಸುವಾಗ ಅದಕ್ಕೂ ಹೊಡೆಸೋಣ ಅಂತಿದ್ದೆವು. ಆಗುತ್ತದಾ?

ಕೋಲಾರ ಪೇಂಟಿಂಗ್:
ನಾನಂತೂ ಮಾಡಿಕೊಡುವುದಿಲ್ಲ ಅಣ್ಣ. ಪ್ರತಿ ಬೆಳೆಗೂ ಬ್ಲೀಚಿಂಗ್ ಪೌಡರ್, ಸುಣ್ಣದ ನೀರು ಸುರಿದು ತೊಳೆಯುತ್ತೀರಿ. ಯಾವ ಬಣ್ಣ ಅಷ್ಟು ತಡೆದೀತು?

ಶಿಡ್ಲಘಟ್ಟ ಹಿಪ್ಪುನೇರಳೆ:
ಅದು ಸರಿ. ನಮ್ಮ ಮನೆಯವರೂ ಬೇಡ ಅಂದರು, ವಾಸನೆಗೆ ಹುಳು ತಡೆಯುವುದಿಲ್ಲ ಅಂತ. ಪಕ್ಕದ ತೋಟದಲ್ಲಿ ಔಷಧಿ ಹೊಡೆದ ಗಾಳಿ ಬೀಸಿದರೇ ಹುಳು ಸೊಪ್ಪು ಬಿಡುತ್ತವೆ, ಇನ್ನು ಥಿನ್ನರ್ ವಾಸನೆ ಕೇಳಬೇಕಾ. ವಾಸದ ಮನೆಗೆ ಮಾತ್ರ ಹೊಡೆಸುತ್ತೇವೆ. ಅದನ್ನೂ ಒಂದು ಬೆಳೆ ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ, ಮುಂದಿನ ಚಾಕಿ, ಅಂದರೆ ಮರಿ ಹುಳು, ತರುವುದಕ್ಕೆ ಮುಂಚೆ. ವಾಸನೆ ಪೂರ್ತಿ ಹೋಗುವ ತನಕ ಚಾಕಿ ತರುವುದಿಲ್ಲ. ಒಂದೇ ಗೋಡೆಯ ಆಚೆ ಈಚೆ ಹುಳು ಸಾಕುವವರು ಇದನ್ನು ಗಮನಿಸಿ. ಒಂದು ಬೆಳೆ ಹೋದರೆ ನೆಲದ ಖರ್ಚಿಗಿಂತ ಜಾಸ್ತಿ ಹೋಗುತ್ತದೆ.

ಮಾಲೂರು ಹೆಂಚು:
ಒಳ್ಳೆಯ ಮಾತು. ಮನುಷ್ಯರಿಗೂ ಅದೇ. ಬಣ್ಣದ ಮೇಲೆ ಕೊನೆಗೆ ಹೊಡೆಯುವ ಪಾರದರ್ಶಕ ಪಾಲಿಯುರೆಥೇನ್ ಕೋಟಿನ ಹಾರ್ಡನರ್‌ನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಆಸ್ತಮಾ ಇರುವವರಿಗೆ ಅದು ತುಂಬಾ ಕೆಟ್ಟದ್ದು. ಮನೆಯಲ್ಲಿ ಉಬ್ಬಸದವರಿದ್ದರೆ ನೀರಿನಲ್ಲಿ ಕಲಸುವ ಎಪಾಕ್ಸಿ ಸಿಗುತ್ತದೆಯಾ ಕೇಳಿ, ವಾಸನೆ ಕಮ್ಮಿ. ಆದರೆ ಬಿಸಿಲು ಬೀಳುವ ಜಾಗಕ್ಕೆ ಬರೀ ಎಪಾಕ್ಸಿ ಬೇಡ, ಹಳದಿಯಾಗುತ್ತದೆ, ಆಮೇಲೆ ಸುಣ್ಣದಂಥ ಪುಡಿ ಬಿಡುತ್ತದೆ. ವರಾಂಡ, ಬಾಲ್ಕನಿಗೆ ಮೇಲಿನ ಪಾಲಿಯುರೆಥೇನ್ ಕೋಟ್ ಬೇಕೇ ಬೇಕು.

ಕ್ಯಾತಸಂದ್ರದ ಮನೆ:
ಬಚ್ಚಲುಮನೆಗೆ?

ಗೌರಿಬಿದನೂರು ಗಾರೆಕೆಲಸ:
ಬೇಡ.

ಕೋಲಾರ ಪೇಂಟಿಂಗ್:
ನಾನೂ ಬೇಡ ಅನ್ನುತ್ತೇನೆ. ನಮ್ಮ ಮನೆಗಳ ಬಚ್ಚಲು ಬೇರೆ ದೇಶದ ಬಾತ್‌ರೂಮಿನ ತರಹ ಒಣಗಿರುವುದಿಲ್ಲ. ಬಕೆಟ್ ಎಳೆಯುತ್ತೇವೆ, ಕೂತು ಬಟ್ಟೆ ಒಗೆಯುತ್ತೇವೆ, ನೀರು ದಿನವಿಡೀ ನಿಂತಿರುತ್ತದೆ. ಆ ವಿಡಿಯೋಗಳಲ್ಲಿ ಕಾಣುವುದು ಒಣ ನೆಲ. ಇನ್ನೊಂದು, ಬಣ್ಣದ ನೆಲದ ಮೇಲೆ ಸೋಪಿನ ನೀರು ಬಿದ್ದರೆ ವಿಪರೀತ ಜಾರುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಅದೊಂದೇ ಕಾರಣ ಸಾಕು. ಹಾಲ್ ನೆಲಕ್ಕೂ ಕೊನೇ ಕೋಟಿನಲ್ಲಿ ಜಾರದ ಹಾಗೆ ಮಾಡುವ ಸಣ್ಣ ತರಿಪುಡಿ ಬೆರೆಸಿ ಅಂತ ಹೇಳಿ. ಸ್ವಲ್ಪ ಒರಟಾಗಿರುತ್ತದೆ, ಕೊಳೆ ಸ್ವಲ್ಪ ಹಿಡಿಯುತ್ತದೆ, ಪರವಾಗಿಲ್ಲ.

ಚಿಂತಾಮಣಿ ಅಡುಗೆಮನೆ:
ಅಡುಗೆಮನೆಯೂ ಅಷ್ಟೇ ಅನ್ನುತ್ತೇನೆ. ಸಿಲಿಂಡರ್ ಕೆಳಗಿನ ಕಬ್ಬಿಣದ ಬಳೆ ಒಂದು ಸಲ ಎಳೆದರೆ ಸಾಕು. ಮುದ್ದೆ ಪಾತ್ರೆ ಒಲೆಯಿಂದ ಇಳಿಸಿ ನೆಲದ ಮೇಲಿಟ್ಟು ಕೋಲಿನಲ್ಲಿ ತೊಳಸುವವರ ಮನೆಯಲ್ಲಿ ಬಿಸಿಗೆ ಬಣ್ಣ ಮೆತ್ತಗಾಗಿ ಪಾತ್ರೆಯ ಗುಂಡು ಗುರುತು ಬೀಳುತ್ತದೆ. ನಮ್ಮ ಮನೆಯಲ್ಲಿ ಆ ಗುರುತು ಇನ್ನೂ ಇದೆ. ಅರಿಶಿನದ ಕಲೆಯೂ ಹೋಗುವುದಿಲ್ಲ.

ಗೌರಿಬಿದನೂರು ಗಾರೆಕೆಲಸ:
ಅಕ್ಕ, ಒಂದು ಪ್ರಶ್ನೆ. ನಿಮಗೆ ನಿಜವಾಗಿ ಬೇಜಾರಾಗಿರುವುದು ಟೈಲ್ಸಿನ ಬಣ್ಣದ ಮೇಲಾ, ಕಪ್ಪಾದ ಸಂದಿನ ಮೇಲಾ? ನೀವು ಮೊದಲು ಬರೆದದ್ದನ್ನು ಓದಿದರೆ ಸಂದು ಮತ್ತು ಬಿಳಿ ಪೊರೆ ಬಗ್ಗೆಯೇ ಜಾಸ್ತಿ ಇದೆ. ಹಳೇ ಮನೆಗಳಲ್ಲಿ ಸಂದಿಗೆ ಬರೀ ಬಿಳಿ ಸಿಮೆಂಟ್ ತುಂಬುತ್ತಿದ್ದರು. ಅದು ನೀರು, ಎಣ್ಣೆ, ಫಿನಾಯಿಲ್ ಎಲ್ಲವನ್ನೂ ಕುಡಿದು ಕಪ್ಪಾಗುತ್ತದೆ. ಅದನ್ನು ಎರಡು ಮೂರು ಮಿಲಿಮೀಟರ್ ಆಳಕ್ಕೆ ಕೆರೆದು ತೆಗೆದು ಎಪಾಕ್ಸಿ ಗ್ರೌಟ್ ತುಂಬಿಸಿ ನೋಡಿ. ಪೊರೆ ತೆಗೆದು, ಸಂದು ಹೊಸದಾದರೆ, ಅದೇ ಬಿಸ್ಕತ್ ಟೈಲ್ಸ್ ನಿಮಗೇ ಗುರುತು ಸಿಗುವುದಿಲ್ಲ. ಇದು ಬಚ್ಚಲಿಗೂ ಅಡುಗೆಮನೆಗೂ ನಡೆಯುತ್ತದೆ. ಸುಲಿಯುವ ಭಯ ಇಲ್ಲ. ನನ್ನ ಅಭಿಪ್ರಾಯದಲ್ಲಿ ಬಣ್ಣ ಕೇಳಿಕೊಂಡು ಬರುವ ಮನೆಗಳಲ್ಲಿ ಬಹಳಷ್ಟಕ್ಕೆ ಇಷ್ಟೇ ಸಾಕು.

ಕ್ಯಾತಸಂದ್ರದ ಮನೆ:
ಇದನ್ನು ಯಾರೂ ಹೇಳಿರಲಿಲ್ಲ ಅಣ್ಣ. ಹಾಗಾದರೆ ಬಚ್ಚಲು, ಅಡುಗೆಮನೆ, ಹಾಲ್ ಮೂರಕ್ಕೂ ಸಂದು ಮಾತ್ರ ಮಾಡಿಸುತ್ತೇನೆ. ಆದರೆ ಮಗಳ ರೂಮಿಗೆ ಬಣ್ಣ ಬೇಕೇ ಬೇಕು ಅಂತಿದ್ದಾಳೆ. ಹತ್ತು ಅಡಿಗೆ ಹನ್ನೊಂದು ಅಡಿ ರೂಮು, ಒಂದು ಮಂಚ, ಒಂದು ಬೀರು. ನೀರಿನ ಕೆಲಸ ಇಲ್ಲ. ಅಲ್ಲಿ ಮಾಡಬಹುದಲ್ವಾ? ಅವಳಿಗೆ ಅಂಚಿನಲ್ಲಿ ಎಳೆ ರಂಗೋಲಿಯ ತರಹ ಡಿಸೈನ್ ಬೇಕಂತೆ.

ಕೋಲಾರ ಪೇಂಟಿಂಗ್:
ಧಾರಾಳವಾಗಿ ಮಾಡಿ. ಬಣ್ಣಕ್ಕೆ ಸರಿಯಾದ ಜಾಗ ಅಂದರೆ ಅದೇ. 110 ಚದರಡಿ, ಮನೆಯವರೇ ಸೇರಿ ಮಾಡಿಕೊಳ್ಳಬಹುದು. ಡಿಸೈನ್ ಎರಡನೇ ಕೋಟ್ ಒಣಗಿದ ಮೇಲೆ, ಮೇಲಿನ ಪಾರದರ್ಶಕ ಕೋಟಿಗೆ ಮುಂಚೆ. ಸ್ಟೆನ್ಸಿಲ್ ಇಟ್ಟು, ಸ್ಪಂಜಿಗೆ ಬಣ್ಣ ತೀರಾ ಕಮ್ಮಿ ಹಿಡಿಸಿ ಒತ್ತಿ. ಬಣ್ಣ ಜಾಸ್ತಿ ಆದರೆ ಸ್ಟೆನ್ಸಿಲ್ ಕೆಳಗೆ ಹರಿದು ಗೆರೆ ಕದಡುತ್ತದೆ. ಡಿಸೈನಿಗೂ ನೆಲದ ಬಣ್ಣದ ಜಾತಿಯದೇ ಬಳಸಿ. ಅದರ ಮೇಲೆ ಪಾರದರ್ಶಕ ಕೋಟ್ ಬಂದರೆ ಕಾಲಿಗೆ ಸವೆಯುವುದು ಡಿಸೈನ್ ಅಲ್ಲ, ಮೇಲಿನ ಕೋಟ್.

ಆಚೆ ಮೂಲೆಯಿಂದ ಬಾಗಿಲ ಕಡೆಗೆ ಹೊಡೆಯುತ್ತಾ ಬನ್ನಿ. ಒಂದು ದಿನ ಬಿಟ್ಟು ಬರಿಗಾಲಲ್ಲಿ ಓಡಾಡಬಹುದು. ಮಂಚ, ಬೀರು ಒಂದು ವಾರ ಆಗುವ ತನಕ ಒಳಗೆ ತರಬೇಡಿ. ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಒಳಗೆ ಇನ್ನೂ ಗಟ್ಟಿಯಾಗುತ್ತಿರುತ್ತದೆ. ಬೀರುವಿನ ಕಾಲಿಗೆ ಫೆಲ್ಟ್ ಅಂಟಿಸಿ, ಎತ್ತಿಯೇ ಇಡಿ.

ಭೋಗ್ಯದ ಮನೆ:
ಆಮೇಲೆ ದಿನಾ ಒರೆಸುವುದಕ್ಕೆ ಏನು ಬಳಸಬೇಕು? ನಾವು ನೀರಿನ ಫಿಲ್ಟರಿನಿಂದ ಬರುವ ವೇಸ್ಟ್ ನೀರಲ್ಲೇ ಒರೆಸುವುದು.

ಮಾಲೂರು ಹೆಂಚು:
ಬಣ್ಣದ ನೆಲಕ್ಕೆ ಆ ನೀರು ಬೇಡ. ಆರ್‌ಓ ಮೆಷಿನ್ ಒಳ್ಳೆಯ ನೀರನ್ನು ಒಂದು ಕಡೆ ಕೊಟ್ಟು, ಉಪ್ಪಿನಂಶವನ್ನೆಲ್ಲ ಆ ವೇಸ್ಟ್ ನೀರಿಗೆ ತಳ್ಳುತ್ತದೆ. ಬೋರ್ ನೀರಿಗಿಂತಲೂ ಅದರಲ್ಲಿ ಲವಣ ಜಾಸ್ತಿ. ಒರೆಸಿದ ಮೇಲೆ ನೀರು ಆರುತ್ತದೆ, ಪೊರೆ ಉಳಿಯುತ್ತದೆ. ಅದನ್ನು ತೆಗೆಯಲು ಮತ್ತೆ ಹುಳಿ ಹಚ್ಚಿ ಉಜ್ಜಿದರೆ ಬಣ್ಣದ ಹೊಳಪು ಹೋಯಿತು. ಮಳೆ ನೀರು ಹಿಡಿದಿದ್ದರೆ ಅದು, ಇಲ್ಲಾ ನಲ್ಲಿ ನೀರು, ಬಟ್ಟೆ ಚೆನ್ನಾಗಿ ಹಿಂಡಿ ಒರೆಸಿ. ವೇಸ್ಟ್ ನೀರನ್ನು ಬಚ್ಚಲು ತೊಳೆಯಲು ಬಳಸಿ.

ಕ್ಯಾತಸಂದ್ರದ ಮನೆ:
ಸರಿ. ಈ ಭಾನುವಾರ ನಾಣ್ಯ ಹಿಡಿದು ರೂಮು ಪೂರ್ತಿ ತಟ್ಟಿ ನೋಡುತ್ತೇವೆ, ರಾತ್ರಿ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತೇವೆ. ಟೊಳ್ಳು ಟೈಲ್ಸ್ ಸಿಕ್ಕರೆ ಇಲ್ಲೇ ಕೇಳುತ್ತೇನೆ, ಬಾಗಿಲ ಹತ್ತಿರ ಒಂದು ಸಾಲು ಅನುಮಾನ ಇದೆ.

ಗೌರಿಬಿದನೂರು ಗಾರೆಕೆಲಸ:
ಬಾಗಿಲ ಹತ್ತಿರದ ಸಾಲು ಸಾಮಾನ್ಯವಾಗಿ ಟೊಳ್ಳಾಗಿಯೇ ಇರುತ್ತದೆ ಅಕ್ಕ, ಅಲ್ಲೇ ಟೈಲ್ಸ್ ಕತ್ತರಿಸಿ ಸೇರಿಸಿರುತ್ತಾರೆ. ತಟ್ಟಿದ ಮೇಲೆ ಟೊಳ್ಳು ಇರುವುದಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ ಫೋಟೋ ಹಾಕಿ. ಕೀಳುವಾಗ ಪಕ್ಕದ ಟೈಲ್ಸ್ ಒಡೆಯದ ಹಾಗೆ ಮೊದಲು ಸುತ್ತಲಿನ ಸಂದು ಕತ್ತರಿಸಿಕೊಳ್ಳಬೇಕು, ಅದಕ್ಕೆ ಕಟಿಂಗ್ ಮೆಷಿನ್ ಇರುವವರನ್ನೇ ಕರೆಯಿರಿ, ಬರೀ ಉಳಿ ಸುತ್ತಿಗೆ ತರುವವರು ಬೇಡ.